ಉಪ್ಪಿನ ಡಬ್ಬಿಯಿಂದ ಕೋಲಾರದ ಕಲ್ಲಿಗೆ

ಅಡುಗೆಮನೆಗೆ ಹೋಗಿ ಒಂದು ಚಿಟಿಕೆ ಪುಡಿಉಪ್ಪು ತನ್ನಿ. ಅದನ್ನು ಸ್ಲೇಟಿನ ಮೇಲೆ ಉದುರಿಸಿ. ತಾತ ಪೇಪರ್ ಓದಲು ಇಟ್ಟುಕೊಂಡಿರುವ ಭೂತಗನ್ನಡಿ ಸಿಕ್ಕಿದರೆ ಕೇಳಿ ಇಸಕೊಳ್ಳಿ. ಈಗ ಬಗ್ಗಿ ನೋಡಿ. ಬಿಳಿ ಪುಡಿ ಅಂದುಕೊಂಡಿದ್ದು ಪುಡಿಯಲ್ಲ, ಪುಟ್ಟ ಪುಟ್ಟ ಪೆಟ್ಟಿಗೆಗಳು! ಒಂದೊಂದಕ್ಕೂ ಚಪ್ಪಟೆ ಮುಖ, ನೆಟ್ಟಗಿನ ಅಂಚು, ಒಂದೊಂದು ಮುಖಕ್ಕೂ ನಾಲ್ಕು ಮೂಲೆ. ಡಬ್ಬಿಯಲ್ಲಿ ಒಂದಕ್ಕೊಂದು ಉಜ್ಜಿ ಕೆಲವದರ ಮೂಲೆ ಸವೆದಿರಬಹುದು, ಆದರೂ ಪೆಟ್ಟಿಗೆ ಪೆಟ್ಟಿಗೆಯೇ.

ಇಷ್ಟು ಅಚ್ಚುಕಟ್ಟಾಗಿ ಇವನ್ನು ಕತ್ತರಿಸಿದವರು ಯಾರು? ಯಾರೂ ಇಲ್ಲ. ಬೇಕಿದ್ದರೆ ದಪ್ಪನೆಯ ಕಲ್ಲುಪ್ಪಿನ ಒಂದು ತುಂಡನ್ನು ಕುಟ್ಟಣಿಯಲ್ಲಿ ಮೆತ್ತಗೆ ಕುಟ್ಟಿ. ಒಡೆದ ಚೂರುಗಳಲ್ಲೂ ಚೌಕದ ಮೂಲೆಗಳೇ ಕಾಣುತ್ತವೆ. ಬೆಲ್ಲದ ಅಚ್ಚು ಒಡೆದರೆ ಹೀಗಾಗುವುದಿಲ್ಲ, ಅದು ಹೇಗೆಂದರೆ ಹಾಗೆ ಒಡೆಯುತ್ತದೆ. ಉಪ್ಪು ಮಾತ್ರ ಎಷ್ಟು ಒಡೆದರೂ ತನ್ನ ಆಕಾರ ಮರೆಯುವುದಿಲ್ಲ.

ನಮ್ಮ ಮಂಡ್ಯದ ಸಕ್ಕರೆಯನ್ನೂ ಪಕ್ಕದಲ್ಲೇ ಉದುರಿಸಿ ನೋಡಿ. ಅದಕ್ಕೂ ಚಪ್ಪಟೆ ಮುಖಗಳಿವೆ, ಆದರೆ ಉಪ್ಪಿನಂತೆ ಚೌಕವಲ್ಲ. ಅಂಚುಗಳು ಓರೆಯಾಗಿ ಇಳಿದಿರುತ್ತವೆ. ಕಲ್ಲುಸಕ್ಕರೆಯಲ್ಲಂತೂ ಇದು ಬರಿಗಣ್ಣಿಗೇ ಕಾಣುತ್ತದೆ. ಉಪ್ಪಿನದು ಒಂದು ಆಕಾರ, ಸಕ್ಕರೆಯದು ಇನ್ನೊಂದು. ಕಣ್ಣು ಕಟ್ಟಿಕೊಂಡವರು ನಾಲಿಗೆಯಿಂದ ಗುರುತು ಹಿಡಿದರೆ, ಬಾಯಿ ಕಟ್ಟಿಕೊಂಡವರು ಆಕಾರದಿಂದಲೇ ಗುರುತು ಹಿಡಿಯಬಹುದು. ಹೀಗೆ ತನ್ನದೇ ಆಕಾರವಿರುವ ಕಾಳಿಗೆ ಹರಳು ಅನ್ನುತ್ತೇವೆ.

ಆ ಆಕಾರ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ನಿಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯನ್ನು ನೆನೆಸಿಕೊಳ್ಳಿ. ಗಂಟೆ ಹೊಡೆಯುವ ಮುಂಚೆ ಎಲ್ಲರೂ ಅಂಗಳದ ತುಂಬ ಚೆಲ್ಲಾಪಿಲ್ಲಿ. ಗಂಟೆ ಹೊಡೆದ ಮೇಲೆ ಕೈ ಚಾಚಿ ಅಂತರ ಅಳೆದುಕೊಂಡು ಸಾಲು. ಮೇಷ್ಟ್ರು ಒಬ್ಬ ಹುಡುಗ, ಒಬ್ಬಳು ಹುಡುಗಿ, ಮತ್ತೆ ಹುಡುಗ, ಮತ್ತೆ ಹುಡುಗಿ ಅಂತ ನಿಲ್ಲಿಸಿದರು ಅನ್ನಿ. ಮಹಡಿ ಮೇಲೆ ನಿಂತು ನೋಡಿದರೆ ಅಂಗಳದ ತುಂಬ ಚೌಕಾಬಾರದ ಮನೆಗಳು ಬರೆದ ಹಾಗೆ ಕಾಣುತ್ತದೆ.

ಉಪ್ಪಿನ ಒಳಗೂ ಇದೇ ನಡೆದಿದೆ. ಯಾವ ವಸ್ತುವನ್ನಾದರೂ ಒಡೆಯುತ್ತ ಒಡೆಯುತ್ತ ಹೋದರೆ ಕೊನೆಗೆ ಸಿಗುವ ಅತಿ ಸಣ್ಣ ಕಾಳುಗಳಿಗೆ ಪರಮಾಣು ಅಂತ ಹೆಸರು. ಉಪ್ಪಿನಲ್ಲಿ ಎರಡು ಬಗೆಯ ಪರಮಾಣುಗಳಿವೆ. ಒಂದು ಸೋಡಿಯಂ, ಇನ್ನೊಂದು ಕ್ಲೋರಿನ್. ಅವು ಒಂದು ಬಿಟ್ಟು ಒಂದು ಸಾಲಾಗಿ ನಿಂತಿವೆ. ನೆಲದ ಮೇಲಷ್ಟೇ ಅಲ್ಲ, ಮಹಡಿ ಮೇಲೆ ಮಹಡಿಯಾಗಿ. ಒಂದೊಂದು ಸೋಡಿಯಂಗೂ ಆರು ಕ್ಲೋರಿನ್ ನೆರೆಯವರು: ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ, ತಲೆಯ ಮೇಲೆ, ಕಾಲಿನ ಕೆಳಗೆ. ಕ್ಲೋರಿನ್‌ಗೂ ಹಾಗೇ ಆರು ಸೋಡಿಯಂ. ಒಳಗಿನ ಸಾಲು ಚೌಕವಾದ್ದರಿಂದ ಹೊರಗಿನ ಕಾಳೂ ಚೌಕ.

ಒಂದು ಸಾಲಿನಲ್ಲಿ ಎಷ್ಟು ಪರಮಾಣು ನಿಂತಿರಬಹುದು, ಅಂದಾಜು ಮಾಡಿ. ಅರ್ಧ ಮಿಲಿಮೀಟರ್ ಅಗಲದ ಒಂದು ಉಪ್ಪಿನ ಹರಳು ತೆಗೆದುಕೊಳ್ಳಿ. ಅದರ ಒಂದು ಅಂಚಿನ ಉದ್ದಕ್ಕೆ ಸುಮಾರು 18 ಲಕ್ಷ ಪರಮಾಣುಗಳು ಹಿಡಿಯುತ್ತವೆ. 2011ರ ಜನಗಣತಿಯಲ್ಲಿ ಇಡೀ ಮಂಡ್ಯ ಜಿಲ್ಲೆಯ ಜನಸಂಖ್ಯೆಯೂ ಸುಮಾರು 18 ಲಕ್ಷ. ಅಂದರೆ ಮದ್ದೂರು, ಮಳವಳ್ಳಿ, ನಾಗಮಂಗಲ, ಪಾಂಡವಪುರ ಎಲ್ಲ ತಾಲ್ಲೂಕಿನವರೂ ಒಬ್ಬರ ಹಿಂದೊಬ್ಬರು ನಿಂತ ಹಾಗೆ, ಒಂದು ಉಪ್ಪಿನ ಕಾಳಿನ ಒಂದೇ ಅಂಚಿನಲ್ಲಿ! ಈ ಲೆಕ್ಕ ಮಾಡಿದ ದಿನ ನಾನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತು ಬೈಸಿಕೊಂಡೆ.

ಉಪ್ಪು ಎಲ್ಲರ ಮನೆಯಲ್ಲೂ ಇದೆ. ಇದೇ ತರಹ ಸಾಲು ಕಟ್ಟಿ ನಿಲ್ಲುವ, ಆದರೆ ಹುಡುಕಿದರೂ ಸಿಗದ ಒಂದು ಖನಿಜದ ಕಡೆಗೆ ಈಗ ಹೋಗೋಣ. ಅದರ ಹೆಸರು ಕೋಲಾರೈಟ್. ಹೌದು, ನಮ್ಮ ಕೋಲಾರದ್ದೇ ಹೆಸರು. ಆದರೆ ಅಲ್ಲಿಗೆ ಹೋಗುವ ದಾರಿ ನಾನು ಮಳವಳ್ಳಿ ಕಡೆಯಿಂದ ಹಿಡಿಯುತ್ತೇನೆ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವನ್ನು ನೀವು ನೋಡಿರುತ್ತೀರಿ. ನಮ್ಮ ಕಡೆಯವರು ಬಾಯಲ್ಲಿ 'ಬ್ಲಫ್' ಅನ್ನುವ ಜಾಗ. ಕಾವೇರಿ ಅಲ್ಲಿ ಬಂಡೆಯಿಂದ ಧುಮುಕುತ್ತಾಳೆ. ಆ ನೀರಿನ ರಭಸದಿಂದ 1902ರಲ್ಲಿ ವಿದ್ಯುತ್ ತಯಾರಿಸಿದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಕೆಲಸ ಅದು. ಯಂತ್ರಗಳ ಭಾರವಾದ ಭಾಗಗಳನ್ನು ಸಾಗಿಸಲು ಆನೆಗಳನ್ನೂ ಬಳಸಿದರಂತೆ. ಆ ಮೊದಲ ವಿದ್ಯುತ್ ಊರಿನ ದೀಪಗಳಿಗಾಗಿ ತಯಾರಾದದ್ದಲ್ಲ. ಬೆಂಗಳೂರಿಗೆ ವಿದ್ಯುತ್ ದೀಪ ಬಂದಿದ್ದೇ 1905ರಲ್ಲಿ. ಅದಕ್ಕೂ ಮೊದಲು ತಂತಿ ಎಳೆದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ನಮ್ಮೂರ ಕಾವೇರಿ ನೀರು ಅಲ್ಲಿ ಕಲ್ಲು ಕುಟ್ಟುವ ಯಂತ್ರಗಳನ್ನು ಓಡಿಸಿತು.

ಆ ಗಣಿ ಎಷ್ಟು ಆಳ ಗೊತ್ತೇ? ಮೂರು ಕಿಲೋಮೀಟರಿಗೂ ಹೆಚ್ಚು. ನಿಮ್ಮ ಊರಿನಿಂದ ಪಕ್ಕದ ಊರಿಗೆ ನಡೆದು ಹೋಗುವಷ್ಟು ದೂರ, ಆದರೆ ನೇರ ಕೆಳಕ್ಕೆ. ಬಾವಿಗೆ ಬಿಂದಿಗೆ ಬಿಟ್ಟ ಹಾಗೆ ಪಂಜರದಲ್ಲಿ ಜನರನ್ನು ಇಳಿಸುತ್ತಿದ್ದರು. ಕೆಳಗೆ ಕಲ್ಲೇ ಕಾದಿರುತ್ತಿತ್ತು. 2001ರಲ್ಲಿ ಗಣಿ ಮುಚ್ಚಿತು.

ಗಣಿಯೊಳಗೆ ಚಿನ್ನ ಗಟ್ಟಿಗಟ್ಟಿಯಾಗಿ ಬಿದ್ದಿರುತ್ತದೆ ಅಂದುಕೊಳ್ಳಬೇಡಿ. ಕಪ್ಪು ಬಂಡೆಯ ಬಿರುಕುಗಳಲ್ಲಿ ಬಿಳಿ ಕಲ್ಲಿನ ಪಟ್ಟೆಗಳಿರುತ್ತವೆ, ಮಾಂಸದ ಮಧ್ಯೆ ಕೊಬ್ಬಿನ ಪಟ್ಟೆ ಇದ್ದ ಹಾಗೆ. ಆ ಬಿಳಿ ಕಲ್ಲಿಗೆ ಬೆಣಚುಕಲ್ಲು ಅನ್ನುತ್ತೇವೆ. ಚಿನ್ನ ಅದರೊಳಗೆ ಸಣ್ಣ ಚುಕ್ಕೆಗಳಾಗಿ ಅಡಗಿರುತ್ತದೆ.

ಬಿರುಕಿನೊಳಕ್ಕೆ ಆ ಚಿನ್ನ ಹೋದದ್ದು ಹೇಗೆ? ಬಚ್ಚಲುಮನೆಯ ಹಂಡೆ ನೋಡಿ. ದಿನಾ ನೀರು ಕಾಯಿಸಿ ಕಾಯಿಸಿ ಒಳಗೆ ಬಿಳಿ ಕರೆ ಕಟ್ಟಿರುತ್ತದಲ್ಲ? ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿದ್ದದ್ದು ಹಂಡೆಗೆ ಅಂಟಿಕೊಂಡಿತು. ಭೂಮಿಯ ಆಳದಲ್ಲೂ ಬಹಳ ಹಿಂದೆ, ಕುದಿಯುವುದಕ್ಕಿಂತ ಬಿಸಿಯಾದ ನೀರು ಬಂಡೆಯ ಬಿರುಕಿನಲ್ಲಿ ಹರಿಯಿತು. ಅದರಲ್ಲಿ ಬೆಣಚು, ಚಿನ್ನ, ಸೀಸ, ಗಂಧಕ, ಉಪ್ಪು ಎಲ್ಲ ಕರಗಿದ್ದವು. ನೀರು ಆರುತ್ತ ಬಂದಂತೆ ಒಂದೊಂದೇ ಗೋಡೆಗೆ ಅಂಟಿ ಹರಳಾದವು.

ಆ ಗುಂಪಿನಲ್ಲಿ ಒಬ್ಬ ವಿಚಿತ್ರ ನೆಂಟನಿದ್ದ. ಅವನ ಹೆಸರು ಟೆಲ್ಯೂರಿಯಂ. 1782ರಲ್ಲಿ, ಇಂದಿನ ರುಮೇನಿಯಾದ ಟ್ರಾನ್ಸಿಲ್ವೇನಿಯಾ ಅನ್ನುವ ಸೀಮೆಯ ಚಿನ್ನದ ಅದಿರಿನಲ್ಲಿ ಮುಲ್ಲರ್ ಅನ್ನುವವರಿಗೆ ಇವನು ಮೊದಲು ಸಿಕ್ಕಿದ. ಅದು ಇದೂ ಅಲ್ಲ ಅದೂ ಅಲ್ಲ ಅಂತ ಅವರು ತಲೆ ಕೆಡಿಸಿಕೊಂಡು 'ತಕರಾರಿನ ಲೋಹ' ಅನ್ನುವ ಅರ್ಥದ ಹೆಸರಿಟ್ಟರು. 1798ರಲ್ಲಿ ಕ್ಲಾಪ್ರೋತ್ ಅನ್ನುವ ರಸಾಯನ ವಿಜ್ಞಾನಿ ಅದಕ್ಕೆ ಟೆಲ್ಯೂರಿಯಂ ಅಂತ ನಾಮಕರಣ ಮಾಡಿದರು. ಲ್ಯಾಟಿನ್ ಭಾಷೆಯಲ್ಲಿ 'ಟೆಲ್ಲಸ್' ಅಂದರೆ ಭೂಮಿ. ಭೂಮಿಯ ಹೆಸರನ್ನೇ ಇಟ್ಟುಕೊಂಡರೂ ಭೂಮಿಯಲ್ಲಿ ಇವನು ಸಿಗುವುದು ಬಹಳ ಅಪರೂಪ.

ಇವನ ಇನ್ನೊಂದು ಗುಣ ಕೇಳಿದರೆ ನಗುತ್ತೀರಿ. ಟೆಲ್ಯೂರಿಯಂ ಒಂದಿಷ್ಟು ಮೈಯೊಳಗೆ ಹೋದರೆ ಸಾಕು, ಉಸಿರೆಲ್ಲ ಬೆಳ್ಳುಳ್ಳಿ ವಾಸನೆ! ದಿನಗಟ್ಟಲೆ ಹೋಗುವುದಿಲ್ಲವಂತೆ. ಹಾಗಂತ ಇದು ಆಟದ ವಸ್ತುವಲ್ಲ, ವಿಷ.

ಚಿನ್ನಕ್ಕೆ ಒಂಟಿಯಾಗಿರುವುದೇ ಇಷ್ಟ. ಕಬ್ಬಿಣ ಗಾಳಿಯ ಜೊತೆ ಸೇರಿ ತುಕ್ಕಾಗುತ್ತದೆ, ತಾಮ್ರದ ಬಿಂದಿಗೆ ಕರ್ರಗಾಗುತ್ತದೆ, ಅಜ್ಜಿಯ ಓಲೆ ಮಾತ್ರ ಹೊಳೆಯುತ್ತಲೇ ಇರುತ್ತದೆ. ಇಂಥ ಚಿನ್ನ ಗೆಳೆತನ ಮಾಡುವ ಕೆಲವೇ ಕೆಲವರಲ್ಲಿ ಟೆಲ್ಯೂರಿಯಂ ಒಬ್ಬ. ಇವರಿಬ್ಬರೂ ಸೇರಿದರೆ ಚಿನ್ನದ ಗುರುತೇ ಸಿಗದಂತೆ ಬಣ್ಣ ಬದಲಾಗಿ ತಿಳಿಹಳದಿಯೋ ಬೆಳ್ಳಿಯಂಥದ್ದೋ ಕಲ್ಲಾಗುತ್ತದೆ. ಆಸ್ಟ್ರೇಲಿಯಾದ ಕಾಲ್ಗೂರ್ಲಿ ಅನ್ನುವ ಗಣಿ ಊರಿನಲ್ಲಿ ಇಂಥ ಕಲ್ಲನ್ನು ಕೆಲಸಕ್ಕೆ ಬಾರದ್ದು ಅಂತ ರಸ್ತೆ ಗುಂಡಿಗೆ ತುಂಬಿದ್ದರಂತೆ. 1896ರಲ್ಲಿ ಅದರಲ್ಲಿ ಚಿನ್ನವಿದೆ ಅಂತ ಗೊತ್ತಾದ ಮೇಲೆ ಜನ ರಸ್ತೆಯನ್ನೇ ಅಗೆದರು ಅನ್ನುವ ಕಥೆ ಅಲ್ಲಿ ಇವತ್ತಿಗೂ ಹೇಳುತ್ತಾರೆ. ನಮ್ಮೂರ ರಸ್ತೆ ಗುಂಡಿಗೆ ಯಾರೂ ಏನೂ ತುಂಬದೇ ಇರುವುದರಿಂದ ನಮಗೆ ಆ ಭಾಗ್ಯವಿಲ್ಲ.

ಟೆಲ್ಯೂರಿಯಂ ಸೇರಿರುವ ಇಂಥ ಖನಿಜಗಳಿಗೆ ಟೆಲ್ಯುರೈಡ್ ಅಂತ ಮನೆತನದ ಹೆಸರು. ಕೋಲಾರದ ಅದಿರಿನಲ್ಲಿ ಸಿಕ್ಕ ಒಂದು ಟೆಲ್ಯುರೈಡ್ ಅಲ್ಟಾಯಿಟ್. ಇದರಲ್ಲಿ ಎರಡೇ ಬಗೆಯ ಪರಮಾಣು: ಸೀಸ ಮತ್ತು ಟೆಲ್ಯೂರಿಯಂ. ಅವು ಹೇಗೆ ನಿಂತಿವೆ? ಒಂದು ಬಿಟ್ಟು ಒಂದು, ಆರು ಕಡೆ ಆರು ನೆರೆಯವರು. ಸಾಕ್ಷಾತ್ ನಿಮ್ಮ ಉಪ್ಪಿನ ಹಾಗೆಯೇ! ಸೋಡಿಯಂ ಜಾಗಕ್ಕೆ ಸೀಸ, ಕ್ಲೋರಿನ್ ಜಾಗಕ್ಕೆ ಟೆಲ್ಯೂರಿಯಂ ಬಂದು ನಿಂತಿವೆ ಅಷ್ಟೆ. ಅಂಗಳ ಅದೇ, ಸಾಲು ಅದೇ, ನಿಂತ ಮಕ್ಕಳು ಬೇರೆ ಶಾಲೆಯವರು. ತಿನ್ನುವ ಉಪ್ಪೂ ಗಣಿಯ ವಿಷದ ಕಲ್ಲೂ ಒಳಗೆ ಒಂದೇ ನಕ್ಷೆಯಲ್ಲಿ ಕಟ್ಟಿದ ಮನೆಗಳು ಅಂದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈಗ ಕೋಲಾರೈಟ್‌ಗೆ ಬಂದೆವು. ರಷ್ಯಾದ ಗೆನ್ಕಿನ್ ಮತ್ತು ಅವರ ಸಂಗಡಿಗರು, ನಮ್ಮ ದೇಶದ ವಿ.ಎನ್. ವಾಸುದೇವ್ ಮತ್ತು ಬಿ. ಕೃಷ್ಣರಾವ್ ಸೇರಿ ಕೋಲಾರದ ಚಿನ್ನದ ಅದಿರನ್ನು ಕನ್ನಡಿಯಂತೆ ನುಣುಪು ಮಾಡಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಯಾವ ಪುಸ್ತಕದಲ್ಲೂ ಇಲ್ಲದ ಎರಡು ಖನಿಜಗಳ ಪುಟ್ಟ ಕಣಗಳು ಕಂಡವು. 1985ರಲ್ಲಿ ಕೆನಡಾದ ಒಂದು ಖನಿಜ ಪತ್ರಿಕೆಯಲ್ಲಿ ಅವನ್ನು ಲೋಕಕ್ಕೆ ಪರಿಚಯಿಸಿದರು. ಒಂದಕ್ಕೆ ಊರಿನ ಹೆಸರು, ಕೋಲಾರೈಟ್. ಇನ್ನೊಂದಕ್ಕೆ ಒಬ್ಬ ಹಿರಿಯರ ಹೆಸರು, ರಾಧಾಕೃಷ್ಣೈಟ್.

ಎರಡರ ಅಡುಗೆಯೂ ಹತ್ತಿರ ಹತ್ತಿರ. ಕೋಲಾರೈಟ್‌ನಲ್ಲಿ ಒಂದು ಸೀಸಕ್ಕೆ ಒಂದು ಟೆಲ್ಯೂರಿಯಂ, ಎರಡು ಕ್ಲೋರಿನ್. ರಾಧಾಕೃಷ್ಣೈಟ್‌ನಲ್ಲಿ ಒಂದು ಸೀಸಕ್ಕೆ ಮೂರು ಟೆಲ್ಯೂರಿಯಂ, ಜೊತೆಗೆ ಎರಡು ಕ್ಲೋರಿನ್. ಆ ಕ್ಲೋರಿನ್ ಜಾಗದಲ್ಲಿ ಅಲ್ಲಲ್ಲಿ ಗಂಧಕ. ಮದ್ದೂರು ವಡೆಗೆ ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಬೀಳುತ್ತದೆ. ಅಳತೆ ಬದಲಿಸಿ ನೋಡಿ, ಸಾಮಾನು ಅದೇ ಇದ್ದರೂ ಅದು ಮದ್ದೂರು ವಡೆ ಆಗಿರುವುದಿಲ್ಲ. ಖನಿಜಗಳೂ ಅಳತೆಯ ವಿಷಯದಲ್ಲಿ ಅಷ್ಟೇ ಹಟಮಾರಿಗಳು.

ಕ್ಲೋರಿನ್ ಅಂದಾಗ ಕಿವಿ ನೆಟ್ಟಗಾಯಿತೇ? ಉಪ್ಪಿನಲ್ಲಿದ್ದ ಅದೇ ಕ್ಲೋರಿನ್! ಟೆಲ್ಯುರೈಡ್‌ಗಳ ಮನೆಯಲ್ಲಿ ಕ್ಲೋರಿನ್ ಕಾಣಿಸುವುದು ತೀರ ಅಪರೂಪ. ಈ ಎರಡು ಖನಿಜಗಳ ಹೆಚ್ಚುಗಾರಿಕೆ ಇರುವುದೇ ಅಲ್ಲಿ. ಬಂಡೆಯ ಬಿರುಕಿನಲ್ಲಿ ಹರಿಯುವ ಬಿಸಿನೀರು ಸಾಮಾನ್ಯವಾಗಿ ಉಪ್ಪುನೀರೇ ಆಗಿರುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಕಣ್ಣಿಗೇ ಕಾಣದ ಕಣದಲ್ಲಿ ಏನೇನಿದೆ ಅಂತ ಹೇಗೆ ತಿಳಿಯುತ್ತದೆ? ಕೂದಲಿಗಿಂತ ಎಷ್ಟೋ ಸಪುರವಾದ ಎಲೆಕ್ಟ್ರಾನ್ ಕಿರಣವನ್ನು ಆ ಕಣದ ಮೇಲೆ ಬಿಡುತ್ತಾರೆ. ಆಗ ಒಂದೊಂದು ಬಗೆಯ ಪರಮಾಣುವೂ ತನ್ನದೇ ಬಗೆಯ ಎಕ್ಸ್-ಕಿರಣ ಹೊರಗೆ ಬಿಡುತ್ತದೆ. ಮೇಷ್ಟ್ರು ತಲೆ ತಗ್ಗಿಸಿಕೊಂಡೇ ಹಾಜರಿ ಕೂಗುತ್ತಾರೆ, 'ಬಂದಿದ್ದೀನಿ ಸಾರ್' ಅನ್ನುವ ದನಿಯಿಂದಲೇ ಯಾರು ಅಂತ ಹೇಳುತ್ತಾರಲ್ಲ, ಹಾಗೆ.

ಸಾಲು ಹೇಗಿದೆ ಅಂತ ತಿಳಿಯಲು ಬೇರೆ ಉಪಾಯ ಬೇಕು. ಇವತ್ತು ರಾತ್ರಿ ಕೊಡೆ ಬಿಚ್ಚಿ, ಅದರ ಬಟ್ಟೆಯ ಮೂಲಕ ದೂರದ ಬೀದಿದೀಪ ನೋಡಿ. ಒಂದು ದೀಪದ ಸುತ್ತ ಕೂಡು ಗುರುತಿನ ಹಾಗೆ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಬಟ್ಟೆಯ ನೂಲುಗಳು ಅಡ್ಡ, ಉದ್ದ ನೇಯ್ದಿರುವುದರಿಂದ ಬೆಳಕು ಆ ರೀತಿ ಚದುರುತ್ತದೆ. ನೇಯ್ಗೆ ಬೇರೆಯಾದರೆ ಚುಕ್ಕೆಗಳೂ ಬೇರೆ. ಕೊಡೆಯನ್ನು ಓರೆ ತಿರುಗಿಸಿ, ಚುಕ್ಕೆಗಳೂ ತಿರುಗುತ್ತವೆ. ಹರಳಿನೊಳಗೆ ತಕ್ಕ ಕಿರಣ ಹಾಯಿಸಿದಾಗಲೂ ಇಂಥ ಚುಕ್ಕೆಗಳು ಮೂಡುತ್ತವೆ. ಚುಕ್ಕೆ ನೋಡಿ ರಂಗೋಲಿ ಊಹಿಸುವುದೇ ವಿಜ್ಞಾನಿಗಳ ಕೆಲಸ. (ಸೂರ್ಯನನ್ನು ಮಾತ್ರ ಹೀಗೆ ನೋಡಬೇಡಿ, ಕಣ್ಣು ಹಾಳಾಗುತ್ತದೆ.)

ಹಾಗೆ ಊಹಿಸಿದಾಗ ರಾಧಾಕೃಷ್ಣೈಟ್‌ನ ಒಳಗಿನ ಪೆಟ್ಟಿಗೆ ಉಪ್ಪಿನಷ್ಟು ಸಮಚೌಕವಲ್ಲ ಅಂತ ತಿಳಿಯಿತು. ತಟ್ಟೆಯಲ್ಲಿ ಕತ್ತರಿಸಿಟ್ಟ ಕೊಬ್ಬರಿ ಮಿಠಾಯಿ ನೆನೆಸಿಕೊಳ್ಳಿ. ಮೇಲಿಂದ ನೋಡಿದರೆ ಚೌಕ, ಪಕ್ಕದಿಂದ ನೋಡಿದರೆ ಕುಳ್ಳು. ಆ ಖನಿಜದ ಪೆಟ್ಟಿಗೆಯೂ ಹಾಗೇ, ಅಗಲಕ್ಕಿಂತ ಎತ್ತರ ಕಡಿಮೆ. ಇಂಥ ಕುಳ್ಳು ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಜೋಡಿಸುತ್ತ ಹೋದರೆ ಹರಳಾಯಿತು.

ಈ ಖನಿಜದ ಹೆಸರಿನಲ್ಲಿರುವ ರಾಧಾಕೃಷ್ಣ ಅಂದರೆ ಬಿ.ಪಿ. ರಾಧಾಕೃಷ್ಣ. 1918ರಲ್ಲಿ ಹುಟ್ಟಿದವರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೆ ಸೇರಿ ಮುಂದೆ ಅದರ ನಿರ್ದೇಶಕರಾದರು. 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಕಟ್ಟಿದವರಲ್ಲಿ ಅವರೊಬ್ಬರು. ಬಾವಿ, ಕೊಳವೆಬಾವಿಗಳ ನೀರು ನೆಲದೊಳಗೆ ಹೇಗಿರುತ್ತದೆ ಅಂತ ಕನ್ನಡದಲ್ಲೇ 'ಅಂತರ್ಜಲ' ಅನ್ನುವ ಪುಸ್ತಕ ಬರೆದರು. ಅವರು 2012ರಲ್ಲಿ ತೀರಿಕೊಂಡರು. ರಸ್ತೆಗೆ, ವೃತ್ತಕ್ಕೆ ಹೆಸರಿಡುವುದು ನಮಗೆ ಅಭ್ಯಾಸ. ಒಂದು ಖನಿಜಕ್ಕೇ ಹೆಸರಾಗುವುದು ಅದಕ್ಕಿಂತ ದೊಡ್ಡದು ಅಂತ ನನ್ನ ಎಣಿಕೆ, ಅದರ ಫಲಕವನ್ನು ಯಾರೂ ಕಿತ್ತು ಬದಲಾಯಿಸಲಾರರು.

ಟೆಲ್ಯುರೈಡ್ ಮನೆತನದಲ್ಲಿ ಒಬ್ಬ ತುಂಟನಿದ್ದಾನೆ, ಅವನ ಕಥೆ ಬಿಟ್ಟು ಹೋಗಲಾರೆ. ಕ್ಯಾಲವರೈಟ್ ಅಂತ ಹೆಸರು, ಒಂದು ಚಿನ್ನಕ್ಕೆ ಎರಡು ಟೆಲ್ಯೂರಿಯಂ. ಹರಳಿನ ಮುಖಗಳು ಒಳಗಿನ ಪೆಟ್ಟಿಗೆಗಳ ಜೋಡಣೆಗೆ ತಕ್ಕಂತೆ ಇರಬೇಕು ಅಂತ ನಿಯಮ. ಮೆಟ್ಟಿಲಿನ ಇಳಿಜಾರು ಇಟ್ಟಿಗೆಯ ಲೆಕ್ಕದಲ್ಲೇ ಬರುವ ಹಾಗೆ: ಒಂದು ಇಟ್ಟಿಗೆ ಮುಂದೆ ಒಂದು ಮೇಲೆ, ಅಥವಾ ಎರಡು ಮುಂದೆ ಒಂದು ಮೇಲೆ. ಕ್ಯಾಲವರೈಟ್ ಈ ಲೆಕ್ಕಕ್ಕೆ ಸಿಗಲೇ ಇಲ್ಲ. 1931ರಲ್ಲಿ ಗೋಲ್ಡ್‌ಶ್ಮಿಟ್, ಪಲಾಶ್, ಪೀಕಾಕ್ ಅನ್ನುವ ಮೂವರು ನೂರಕ್ಕೂ ಹೆಚ್ಚು ಹರಳುಗಳ ಮುಖಗಳನ್ನು ಅಳೆದು ಅಳೆದು ಸುಸ್ತಾದರು. ಎಷ್ಟೋ ಮುಖಗಳು ಯಾವ ಲೆಕ್ಕಕ್ಕೂ ಕೂರಲಿಲ್ಲ.

ಗಂಟು ಬಿಡಿಸಿದ್ದು ಅರ್ಧ ಶತಮಾನ ಕಳೆದ ಮೇಲೆ, ಕೋಲಾರೈಟ್ ಬೆಳಕಿಗೆ ಬಂದ ಅದೇ 1985ರಲ್ಲಿ. ಮತ್ತೆ ಪ್ರಾರ್ಥನೆಯ ಸಾಲಿಗೆ ಬನ್ನಿ. ಎಲ್ಲರೂ ಅಳತೆಯಲ್ಲೇ ನಿಂತಿದ್ದಾರೆ. ಆದರೆ ಬೆಳೆದ ಭತ್ತದ ಗದ್ದೆಯ ಮೇಲೆ ಗಾಳಿ ಬೀಸಿದ ಹಾಗೆ ಸಾಲಿನಲ್ಲಿ ಒಂದು ಅಲೆ ಇದೆ, ಒಬ್ಬ ತುಸು ಎಡಕ್ಕೆ ವಾಲಿದ್ದಾನೆ, ಮುಂದಿನವನು ಇನ್ನಷ್ಟು, ಅದರ ಮುಂದಿನವನು ಬಲಕ್ಕೆ. ಆ ಅಲೆಯ ಉದ್ದ ಇಂತಿಷ್ಟು ಮಕ್ಕಳು ಅಂತ ಸರಿಯಾಗಿ ಎಣಿಕೆಗೆ ಸಿಗುವುದಿಲ್ಲ. ಹಾಗಾಗಿ ಎಷ್ಟು ದೂರ ಹೋದರೂ ವಾಲಿದ ರೀತಿ ಮೊದಲಿನಂತೆಯೇ ಮರುಕಳಿಸುವುದಿಲ್ಲ. ಕ್ಯಾಲವರೈಟ್‌ನ ಪರಮಾಣುಗಳಲ್ಲಿ ಇಂಥ ಅಲೆ ನಿಂತುಬಿಟ್ಟಿದೆ. ಹೊರಗಿನ ಮುಖಗಳು ಆ ಅಲೆಯ ಲೆಕ್ಕವನ್ನೂ ಸೇರಿಸಿಕೊಂಡು ಮೂಡಿದ್ದವು. ಹರಳಿನದೇನೂ ತಪ್ಪಿರಲಿಲ್ಲ, ಲೆಕ್ಕದ ಪುಸ್ತಕವೇ ಸಣ್ಣದಾಗಿತ್ತು.

ಕೋಲಾರದ್ದೇ ಆಯಿತು, ನಮ್ಮ ಜಿಲ್ಲೆಯಲ್ಲಿ ಏನೂ ಇಲ್ಲವೇ ಅಂತ ಮುಖ ಸಣ್ಣಗೆ ಮಾಡಬೇಡಿ. ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣ ಸುತ್ತಿನ ಬಂಡೆಗಳಲ್ಲಿ ಲಿಥಿಯಂ ಇದೆ ಅಂತ ಪರಮಾಣು ಖನಿಜ ನಿರ್ದೇಶನಾಲಯದವರು ಕಂಡುಕೊಂಡಿದ್ದಾರೆ. ಫೋನಿನ ಬ್ಯಾಟರಿಗೆ ಹಾಕುವ ಲಿಥಿಯಂ ಅದು. ಕುರಿ ಮೇಯಿಸುವವರು ದಿನಾ ಕೂತೆದ್ದ ಬಂಡೆಗಳೇ ಅವು.

ಇನ್ನು ನಿಮಗೊಂದು ಕೆಲಸ. ಟೆಲ್ಯುರೈಡ್ ಬೆಳೆಸುವುದು ನಮ್ಮಿಂದಾಗದು, ಉಪ್ಪು ಬೆಳೆಸಬಹುದು. ದೊಡ್ಡವರ ಕೈಲಿ ಒಂದು ಲೋಟ ಬಿಸಿನೀರು ಹಾಕಿಸಿಕೊಂಡು, ಇನ್ನು ಕರಗುವುದೇ ಇಲ್ಲ ಅನ್ನುವವರೆಗೆ ಉಪ್ಪು ಕದಡಿ. ಬಟ್ಟೆಯಲ್ಲಿ ಸೋಸಿ. ಆರಿದ ಮೇಲೆ ಒಂದು ಚೆನ್ನಾದ ಉಪ್ಪಿನ ಹರಳನ್ನು ನೂಲಿಗೆ ಕಟ್ಟಿ, ಕಡ್ಡಿಗೆ ಸುತ್ತಿ, ನೀರಿನ ಮಧ್ಯೆ ತೂಗುಬಿಡಿ. ಮೇಲೊಂದು ತೆಳು ಬಟ್ಟೆ ಮುಚ್ಚಿ ಗೂಡಿನಲ್ಲಿಡಿ.

ನಾನು ನಿಮ್ಮಷ್ಟಿದ್ದಾಗ ಇದನ್ನೇ ಮಾಡಿ ದಿನಕ್ಕೆ ನಾಲ್ಕು ಸಲ ನೂಲು ಎತ್ತಿ ಎತ್ತಿ ನೋಡುತ್ತಿದ್ದೆ. ನಮ್ಮಜ್ಜಿ ನೋಡುವಷ್ಟು ನೋಡಿ, 'ಸುಮ್ಕೆ ಬುಡ್ಲಾ ಮಗ, ಕಾವಿಗೆ ಕುಂತ ಕೋಳಿಯ ಹಿಂಗೆ ಎತ್ತೆತ್ತಿ ನೋಡ್ತಾರಾ?' ಅಂದಿತು. ನಾನು ಬಿಡಲಿಲ್ಲ. ವಾರ ಕಳೆಯುವಷ್ಟರಲ್ಲಿ ನೂಲಿನಲ್ಲಿದ್ದ ಹರಳು ಉದುರಿ, ಲೋಟದ ತಳದಲ್ಲಿ ಬರೀ ನುಚ್ಚು ಉಳಿದಿತ್ತು. ಸಾಲು ಕಟ್ಟುತ್ತಿದ್ದ ಪರಮಾಣುಗಳನ್ನು ನಾನೇ ಚದುರಿಸಿಬಿಟ್ಟಿದ್ದೆ.

ನೀವು ಲೋಟವನ್ನು ಎಂಟು ದಿನ ಅಲ್ಲಾಡಿಸಬೇಡಿ. ಒಂಬತ್ತನೇ ದಿನ ಭೂತಗನ್ನಡಿ ಹಿಡಿದು ನೋಡಿ, ಕಂಡ ಮುಖಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದಿಡಿ.